ಮರೆಯಾದ ಚಮಚ, ಮರೆಯಾದ ಅಮ್ಮ: ಕೂಸಿನ ಮಿದುಳು ಲೆಕ್ಕ ಇಡೋದು ಹೇಗೆ?

ನಮ್ಮಕ್ಕ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಹೆರಿಗೆ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಹೊರಟಾಗ ಮಗಳಿಗೆ ಐದು ತಿಂಗಳು. ಮೊದಲ ದಿನ ಅಕ್ಕನೇ ಅತ್ತಳು, ಕೂಸು ಅಳಲಿಲ್ಲ. ಊರಿಂದ ಬಂದಿದ್ದ ನಮ್ಮಮ್ಮನ ತೊಡೆ ಮೇಲೆ ಕೂತು, ಬಾಗಿಲಾಚೆ ಹೋಗುತ್ತಿದ್ದ ಅಮ್ಮನನ್ನು ನೋಡಿ ಬೊಚ್ಚು ಬಾಯಿ ಬಿಟ್ಟು ನಕ್ಕಿತು. "ಬಂಗಾರದಂಥ ಕೂಸು ಕಣೇ, ಯಾರತ್ರ ಬಿಟ್ಟರೂ ಇರುತ್ತೆ" ಅಂತ ವಠಾರದ ಹೆಂಗಸರೆಲ್ಲ ಹೊಗಳಿದರು.

ಎಂಟು ತಿಂಗಳಿಗೆ ಎಲ್ಲ ಉಲ್ಟಾ ಆಯಿತು. ಅಕ್ಕ ಊಟದ ಡಬ್ಬಿ ಕೈಗೆ ತಗೊಂಡರೆ ಸಾಕು, ಕೂಸು ಕಿರುಚಾಟ ಶುರು. ಅವಳು ಹೊರಗೆ ಹೋಗಿ ಹತ್ತು ನಿಮಿಷವಾದರೂ ಬಾಗಿಲ ಕಡೆಯೇ ನೋಡುತ್ತಾ ಬಿಕ್ಕುತ್ತಿತ್ತು. "ದೃಷ್ಟಿ ಆಗೈತೆ" ಅಂತ ಅಮ್ಮ ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿದಳು. ಪಕ್ಕದ ಮನೆಯವರು "ಹೆಂಗಸು ದುಡಿಯೋಕೆ ಹೋದರೆ ಮಕ್ಕಳು ಹಿಂಗೇ ಹಠಮಾರಿ ಆಗೋದು" ಅಂದರು. ಅಕ್ಕ ನನ್ನ ಹತ್ತಿರ ಕೇಳಿದ್ದು ಒಂದೇ ಪ್ರಶ್ನೆ: "ಮೂರು ತಿಂಗಳು ಚೆನ್ನಾಗೇ ಇತ್ತಲ್ಲೋ, ಈಗ ನಾನೇನು ತಪ್ಪು ಮಾಡಿದೆ?"

ನನಗೆ ರಾತ್ರಿ ಪಾಳಿ ಕೆಲಸ. ಹಗಲು ಅಮ್ಮನ ಜೊತೆ ಕೂಸನ್ನು ನೋಡಿಕೊಳ್ಳುವವನು ನಾನೇ. ಅಕ್ಕನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದೋಕೆ ಕೂತವನಿಗೆ ಸಿಕ್ಕಿದ್ದು ಸುಮಾರು ತೊಂಬತ್ತು ವರ್ಷದಿಂದ ನಡೀತಿರೋ ಒಂದು ದೊಡ್ಡ ಜಗಳ. ಕಣ್ಣಿಗೆ ಕಾಣದ ವಸ್ತು ಇನ್ನೂ ಇದೆ ಅನ್ನೋದು ಕೂಸಿಗೆ ಯಾವಾಗ ಗೊತ್ತಾಗುತ್ತೆ? ಅದರ ಮಿದುಳು ಆ ಲೆಕ್ಕವನ್ನು ಹೇಗೆ ಇಟ್ಟುಕೊಳ್ಳುತ್ತೆ? ಈ ಜಗಳದ ಒಂದು ತುದಿ ಜಿನೀವಾದ ಒಬ್ಬ ವಿಜ್ಞಾನಿಯ ಮನೆಯಲ್ಲಿದ್ದರೆ, ಇನ್ನೊಂದು ತುದಿ ನಮ್ಮ ಹೆರಿಗೆ ರಜೆಯ ಕಾನೂನಿಗೆ ಬಂದು ತಾಗುತ್ತೆ.

ಟವೆಲ್ ಕೆಳಗಿನ ಚಮಚ

ಮನೆಯಲ್ಲಿ ಆರು ತಿಂಗಳ ಕೂಸಿದ್ದರೆ ನೀವೇ ಮಾಡಿ ನೋಡಬಹುದು. ಅದಕ್ಕೆ ತುಂಬ ಇಷ್ಟವಾದ ಸ್ಟೀಲ್ ಚಮಚವನ್ನು ಎದುರಿಗಿಡಿ. ಹಿಡಿಯೋಕೆ ಕೈ ಚಾಚುತ್ತೆ. ಕೈ ಮುಟ್ಟುವ ಮೊದಲೇ ಅದರ ಕಣ್ಣೆದುರೇ ಚಮಚದ ಮೇಲೆ ಟವೆಲ್ ಮುಚ್ಚಿ. ಚಾಚಿದ ಕೈ ಅಲ್ಲೇ ನಿಲ್ಲುತ್ತೆ. ಕೂಸು ಬೇರೆ ಕಡೆ ತಿರುಗುತ್ತೆ. ಟವೆಲ್ ಎಳೆಯುವ ಶಕ್ತಿ ಆ ಕೈಗಿದೆ, ಆದರೂ ಎಳೆಯಲ್ಲ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತನ್ನ ಮೂರು ಮಕ್ಕಳ ಮೇಲೆ ಇಂಥ ನೂರಾರು ಪ್ರಯೋಗ ಮಾಡಿ, 1937ರಲ್ಲಿ ಅವನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದ. ಎಂಟು-ಒಂಬತ್ತು ತಿಂಗಳಿಗೆ ಮುಂಚೆ ಕೂಸಿಗೆ ವಸ್ತುವಿನ ನಿರಂತರತೆಯ ಕಲ್ಪನೆಯೇ ಇರೋದಿಲ್ಲ ಅನ್ನೋದು ಅವನ ತೀರ್ಮಾನ. ಕಂಡರೆ ಇದೆ, ಕಾಣದಿದ್ದರೆ ಇಲ್ಲ. ಆಮೇಲೆ ಕೈಯಾಡಿಸಿ, ಹುಡುಕಿ, ಎಡವಿ, ಎರಡು ವರ್ಷದ ಹೊತ್ತಿಗೆ ಕೂಸು 'ನಾನು ನೋಡದಿದ್ದರೂ ಜಗತ್ತು ಅದರ ಪಾಡಿಗೆ ಇರುತ್ತೆ' ಅನ್ನೋದನ್ನು ತಾನೇ ಕಟ್ಟಿಕೊಳ್ಳುತ್ತೆ.

ನಮ್ಮಕ್ಕನ ಪ್ರಶ್ನೆಗೆ ಇದು ಸಲೀಸಾದ ಉತ್ತರ. ಐದು ತಿಂಗಳಲ್ಲಿ ಅಮ್ಮ ಬಾಗಿಲಾಚೆ ಹೋದರೆ ಅಮ್ಮನೇ ಇಲ್ಲ, ಹಾಗಾಗಿ ಅಳುವೂ ಇಲ್ಲ. ಎಂಟರಲ್ಲಿ 'ಎಲ್ಲೋ ಇದ್ದಾಳೆ, ನನ್ನ ಹತ್ತಿರ ಇಲ್ಲ' ಅಂತ ಗೊತ್ತಾಯಿತು, ಅತ್ತಿತು. ಬಹಳಷ್ಟು ಪೇರೆಂಟಿಂಗ್ ವಿಡಿಯೋಗಳು ಕತೆಯನ್ನು ಇಲ್ಲಿಗೇ ಮುಗಿಸಿಬಿಡುತ್ತವೆ. ಆದರೆ ವಿಷಯ ಇಷ್ಟು ಸಲೀಸಿಲ್ಲ.

ಕೈಯನ್ನು ಬಿಟ್ಟು ಕಣ್ಣನ್ನು ಕೇಳಿದಾಗ

ಟವೆಲ್ ತೆಗೆದು ಚಮಚ ಹಿಡಿಯೋದು ಅಂದರೆ ಎರಡು ಕೆಲಸ. ಮೊದಲು ಅಡ್ಡ ಇರೋದನ್ನು ಸರಿಸಬೇಕು, ಆಮೇಲೆ ಬೇಕಾದ್ದನ್ನು ಹಿಡಿಯಬೇಕು. ಕೂಸಿಗೆ ಚಮಚ ಅಲ್ಲಿದೆ ಅಂತ ಗೊತ್ತಿದ್ದೂ ಹೀಗೆ ಎರಡು ಹೆಜ್ಜೆಯ ಕೆಲಸ ಮಾಡೋಕೆ ಬರದಿದ್ದರೆ? ಆಗ ಪಿಯಾಜೆ ಅಳೆದದ್ದು ಕೈಚಳಕವನ್ನೇ ಹೊರತು ತಿಳಿವಳಿಕೆಯನ್ನಲ್ಲ.

ಅಮೆರಿಕದಲ್ಲಿ ರೆನೆ ಬೆಯಾರ್ಜೊ, ಎಲಿಜಬೆತ್ ಸ್ಪೆಲ್ಕಿ ಮತ್ತು ಸ್ಟ್ಯಾನ್ಲಿ ವಾಸರ್‌ಮನ್ 1985ರಲ್ಲಿ ಪ್ರಕಟಿಸಿದ ಪ್ರಯೋಗ ಈ ಅನುಮಾನದಿಂದಲೇ ಹುಟ್ಟಿದ್ದು. ಅದರಲ್ಲಿ ಐದು ತಿಂಗಳ ಕೂಸು ಏನೂ ಮಾಡಬೇಕಿಲ್ಲ, ಸುಮ್ಮನೆ ನೋಡಿದರೆ ಸಾಕು. ಮೇಜಿನ ಮೇಲೆ ಮಲಗಿಸಿದ ಒಂದು ಹಲಗೆ ಎದ್ದು, ನೆಟ್ಟಗೆ ನಿಂತು, ಆಚೆ ಬದಿಗೆ ಪೂರ್ತಿ ಮಲಗುತ್ತೆ, 180 ಡಿಗ್ರಿ. ಇದನ್ನೇ ಮತ್ತೆ ಮತ್ತೆ ತೋರಿಸಿದರೆ ಕೂಸಿಗೆ ಬೇಜಾರಾಗಿ ನೋಡೋದನ್ನು ಕಡಿಮೆ ಮಾಡುತ್ತೆ. ಈಗ ಹಲಗೆಯ ಹಿಂದೆ ಒಂದು ಪೆಟ್ಟಿಗೆ ಇಡುತ್ತಾರೆ. ಹಲಗೆ ಮೇಲೇಳುತ್ತಾ ಪೆಟ್ಟಿಗೆಯನ್ನು ಮರೆಮಾಡುತ್ತೆ. ಒಂದು ಸಲ ಅದು ಪೆಟ್ಟಿಗೆಗೆ ತಾಗಿ ಅಲ್ಲೇ ನಿಲ್ಲುತ್ತೆ, ಹಾಗೆಯೇ ಆಗಬೇಕು. ಇನ್ನೊಂದು ಸಲ, ಗುಟ್ಟಾಗಿ ಪೆಟ್ಟಿಗೆಯನ್ನು ತೆಗೆದಿರುವುದರಿಂದ, ಪೆಟ್ಟಿಗೆಯ ಮೂಲಕವೇ ಹಾದುಹೋದ ಹಾಗೆ 180 ಡಿಗ್ರಿಗೂ ಮಲಗಿಬಿಡುತ್ತೆ.

ಕೂಸುಗಳು ಈ ಆಗಬಾರದ ಘಟನೆಯನ್ನೇ ಹೆಚ್ಚು ಹೊತ್ತು ದಿಟ್ಟಿಸಿದವು. ಮರೆಯಾದ ಪೆಟ್ಟಿಗೆ ಇನ್ನೂ ಅಲ್ಲೇ ಇದೆ ಅನ್ನೋ ಲೆಕ್ಕ ಅವುಗಳೊಳಗೆ ಇರದಿದ್ದರೆ ಇದರಲ್ಲಿ ಅಚ್ಚರಿಪಡೋಕೆ ಏನಿತ್ತು? 1987ರಲ್ಲಿ ಬೆಯಾರ್ಜೊ ಇದನ್ನೇ ನಾಲ್ಕೂವರೆ ತಿಂಗಳ ಮಕ್ಕಳಲ್ಲೂ, ಮೂರೂವರೆ ತಿಂಗಳ ಕೆಲವು ಮಕ್ಕಳಲ್ಲೂ ತೋರಿಸಿದರು. ಅದಕ್ಕೆ ಒಂದು ವರ್ಷ ಮುಂಚೆ ಬ್ರೂಸ್ ಹುಡ್ ಮತ್ತು ಪೀಟರ್ ವಿಲ್ಲಟ್ಸ್ ಇನ್ನೊಂದು ಉಪಾಯ ಮಾಡಿದ್ದರು. ಐದು ತಿಂಗಳ ಕೂಸಿಗೆ ಒಂದು ವಸ್ತು ತೋರಿಸಿ ದೀಪ ಆರಿಸಿದರು. ಕತ್ತಲಲ್ಲಿ ಅಡ್ಡ ಸರಿಸಬೇಕಾದ ಟವೆಲ್ ಇಲ್ಲ, ಒಂದೇ ಹೆಜ್ಜೆಯ ಕೆಲಸ. ವಸ್ತು ಇದ್ದ ಬದಿಗೇ ಕೈಗಳು ಹೆಚ್ಚು ಹೋದವು.

ಅಂದಮೇಲೆ ನಮ್ಮಕ್ಕನ ಪ್ರಶ್ನೆ ಇನ್ನಷ್ಟು ಗೋಜಲಾಯಿತು ನೋಡಿ. ಐದು ತಿಂಗಳಿಗೇ ಕೂಸಿಗೆ ಇಷ್ಟೆಲ್ಲ ಗೊತ್ತಿದ್ದರೆ ಆವಾಗ ಯಾಕೆ ಅಳಲಿಲ್ಲ?

ಸುರಂಗದೊಳಗೆ ಹೋದ ರೈಲು

ಕೂಸನ್ನು ಬಾಯಿಬಿಡಿಸೋಕೆ ಆಗಲ್ಲ. ಆದರೆ ನೆತ್ತಿಯ ಮೇಲೆ ಮೆತ್ತನೆಯ ಬಲೆಯಂಥ ಟೋಪಿ ಹಾಕಿ, ಮಿದುಳಿನ ವಿದ್ಯುತ್ ಏರಿಳಿತವನ್ನು ದಾಖಲಿಸಬಹುದು. ಅದೇ ಇಇಜಿ. ಸೂಜಿ ಇಲ್ಲ, ನೋವಿಲ್ಲ, ಅಮ್ಮನ ತೊಡೆ ಮೇಲೆ ಕೂತೇ ಮಾಡಬಹುದು. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಬೇಬಿಲ್ಯಾಬ್‌ನಲ್ಲಿ ಜೋರ್ಡಿ ಕಾಫ್‌ಮನ್, ಗೆರ್ಗೆಲಿ ಚಿಬ್ರಾ ಮತ್ತು ಮಾರ್ಕ್ ಜಾನ್ಸನ್ ಆರು ತಿಂಗಳ ಮಕ್ಕಳಿಗೆ ಆಟಿಕೆ ರೈಲೊಂದು ಸುರಂಗದೊಳಗೆ ಹೋಗುವ ವಿಡಿಯೋ ತೋರಿಸಿದರು. ಆಮೇಲೆ ಸುರಂಗವನ್ನು ಮೇಲೆತ್ತುತ್ತಾರೆ. ಕೆಲವೊಮ್ಮೆ ರೈಲು ಅಲ್ಲೇ ಇರುತ್ತೆ. ಕೆಲವೊಮ್ಮೆ, ಇರಬೇಕಾದ ರೈಲು ಮಾಯ!

ಸಿಕ್ಕಿದ ಫಲಿತಾಂಶ ನನಗಂತೂ ರೋಮಾಂಚನ ತಂದಿತು. ರೈಲು ಮರೆಯಲ್ಲಿದ್ದಾಗ ಬಲ ಕಿವಿಯ ಮೇಲ್ಭಾಗದ ಕಡೆ, ಅಂದರೆ ಮಿದುಳಿನ ಬಲ ಟೆಂಪೊರಲ್ ಭಾಗದ ಮೇಲೆ, ಗಾಮಾ ತರಂಗಗಳು ಏರಿದವು. ಸೆಕೆಂಡಿಗೆ ಸುಮಾರು 20ರಿಂದ 60 ಸಲ ಏರಿಳಿಯುವ ವೇಗದ ತರಂಗಗಳಿವು. ನರಕೋಶಗಳ ಗುಂಪು ಒಂದೇ ತಾಳಕ್ಕೆ ಕೆಲಸ ಮಾಡುತ್ತಿದೆ ಅನ್ನೋದರ ಸುಳಿವು. ಸುರಂಗ ಎತ್ತಿದಾಗ ರೈಲು ಇಲ್ಲದಿದ್ದರೆ ತರಂಗ ಇಳಿಯಬೇಕಿತ್ತಲ್ಲ? ಇಳಿಯಲಿಲ್ಲ, ಇನ್ನೂ ಏರಿತು! ಕಣ್ಣು 'ಇಲ್ಲ' ಅಂತ ಹೇಳುತ್ತಿದೆ, ಮಿದುಳು 'ಇದೆ' ಅನ್ನುವ ಲೆಕ್ಕವನ್ನು ಬಿಡದೆ ಹಿಡಿದುಕೊಂಡಿದೆ ಅಂತ ಸಂಶೋಧಕರು ಇದನ್ನು ಅರ್ಥಮಾಡಿಕೊಂಡರು. 2003ರಲ್ಲಿ ಪ್ರಕಟವಾದ ಕೆಲಸ ಇದು.

ಎರಡು ವರ್ಷದ ನಂತರ ಅದೇ ತಂಡ ಇನ್ನೂ ಸೂಕ್ಷ್ಮವಾದ ಪ್ರಶ್ನೆ ಕೇಳಿತು. ವಸ್ತು ಕಣ್ಣಿಂದ ಕಾಣೆಯಾಗೋಕೆ ಎರಡು ದಾರಿಯಿದೆ. ಒಂದು, ಏನಾದರೂ ಅಡ್ಡ ಬಂದು ಮರೆಯಾಗೋದು. ಇನ್ನೊಂದು, ನೋಡನೋಡುತ್ತಲೇ ಚೂರು ಚೂರಾಗಿ ಕರಗಿಹೋಗೋದು. ಆರು ತಿಂಗಳ ಮಿದುಳು ಇವೆರಡನ್ನೂ ಬೇರೆ ಬೇರೆಯಾಗಿ ನೋಡಿತು. ಮರೆಯಾದ ವಸ್ತುವಿಗೆ ಗಾಮಾ ತರಂಗ ಮುಂದುವರಿಯಿತು, ಕರಗಿಹೋದದ್ದಕ್ಕೆ ಮುಂದುವರಿಯಲಿಲ್ಲ. ಕಾಣದಿರೋದೆಲ್ಲ ಒಂದೇ ಅಲ್ಲ ಅನ್ನೋದು ಇನ್ನೂ ಅಂಬೆಗಾಲಿಡದ ಜೀವಕ್ಕೂ ತಿಳಿದಿದೆ.

ಮೂರು ಬಿಸ್ಕತ್ತಿನ ಮಿತಿ

ಹಾಗಂತ ಕೂಸಿನ ಲೆಕ್ಕದ ಪುಸ್ತಕ ದೊಡ್ಡದೇನಲ್ಲ. ಲೀಸಾ ಫೈಗನ್‌ಸನ್, ಸೂಸನ್ ಕೇರಿ ಮತ್ತು ಮಾರ್ಕ್ ಹೌಸರ್ ಹತ್ತು ಮತ್ತು ಹನ್ನೆರಡು ತಿಂಗಳ ಮಕ್ಕಳ ಮುಂದೆ ಎರಡು ಡಬ್ಬಿ ಇಟ್ಟರು. ಒಂದಕ್ಕೆ ಒಂದು ಬಿಸ್ಕತ್ತು ಹಾಕಿದರು, ಇನ್ನೊಂದಕ್ಕೆ ಒಂದೊಂದಾಗಿ ಎರಡು. ಡಬ್ಬಿಯೊಳಗೆ ಏನಿದೆ ಅಂತ ಕಾಣಲ್ಲ. ಮಕ್ಕಳು ಎರಡು ಇದ್ದ ಕಡೆಗೇ ಅಂಬೆಗಾಲಿಟ್ಟು ಹೋದವು. ಎರಡು-ಮೂರರಲ್ಲೂ ಸರಿಯಾಗಿ ಆರಿಸಿದವು. ಆದರೆ ಮೂರು-ನಾಲ್ಕಕ್ಕೆ ಬಂದಾಗ ಲೆಕ್ಕ ತಪ್ಪಿತು. ಎರಡು-ನಾಲ್ಕರಲ್ಲೂ ತಪ್ಪಿತು! ನಾಲ್ಕು ಎರಡರ ದುಪ್ಪಟ್ಟು, ವ್ಯತ್ಯಾಸ ಚಿಕ್ಕದೇನಲ್ಲ. ಆದರೆ ಮರೆಯಾದ ವಸ್ತುಗಳನ್ನು ಹಿಡಿದಿಡುವ ಕೊಂಡಿಗಳು ಕೂಸಿನಲ್ಲಿ ಮೂರೇ ಇದ್ದ ಹಾಗಿದೆ. ನಾಲ್ಕನೆಯದು ಬಂದರೆ ಇಡೀ ಲೆಕ್ಕವೇ ಕುಸಿಯುತ್ತೆ.

ಇನ್ನೊಂದು ವಿಚಿತ್ರವೂ ಇದೆ. ಮೆಲಿಸ್ಸಾ ಕಿಬ್ಬಿ ಮತ್ತು ಅಲನ್ ಲೆಸ್ಲಿ ಆರು ತಿಂಗಳ ಮಕ್ಕಳ ಎದುರು ಎರಡು ಆಕಾರಗಳನ್ನು ಒಂದಾದ ಮೇಲೆ ಒಂದು ಬಚ್ಚಿಟ್ಟರು. ಮೊದಲು ಬಚ್ಚಿಟ್ಟದ್ದನ್ನು ಗುಟ್ಟಾಗಿ ಬದಲಿಸಿ, ಚಕ್ರದ ಜಾಗದಲ್ಲಿ ತ್ರಿಕೋನ ಇಟ್ಟರೆ ಕೂಸಿಗೆ ಏನೂ ಅನ್ನಿಸಲಿಲ್ಲ. ಆದರೆ ಅಲ್ಲಿ ಏನೂ ಇಲ್ಲದ ಹಾಗೆ ಮಾಡಿದಾಗ ಗಮನಿಸಿತು. ಅಂದರೆ, ಏನು ಅಂತ ಮರೆತರೂ 'ಏನೋ ಒಂದು ಇತ್ತು' ಅನ್ನೋದನ್ನು ಅದು ಮರೆಯಲ್ಲ.

ಈ 'ಏನು' ಅನ್ನೋದು ಬರೋದು ನಿಧಾನಕ್ಕೆ, ಅದರಲ್ಲಿ ಮಾತಿಗೂ ಪಾಲಿದೆ. ಫೇ ಷೂ ಮತ್ತು ಸೂಸನ್ ಕೇರಿ 1996ರಲ್ಲಿ ತೋರಿಸಿದ್ದು ಇದು. ಒಂದೇ ಪರದೆಯ ಹಿಂದಿನಿಂದ ಒಮ್ಮೆ ಒಂದು ಆಟಿಕೆ ಬರುತ್ತೆ, ಹಿಂದೆ ಹೋಗುತ್ತೆ, ಆಮೇಲೆ ಬೇರೆ ಥರದ ಇನ್ನೊಂದು ಬರುತ್ತೆ. ಪರದೆ ಸರಿಸಿದಾಗ ಒಂದೇ ಆಟಿಕೆ ಇದ್ದರೆ ಹನ್ನೆರಡು ತಿಂಗಳ ಕೂಸಿಗೆ ಅಚ್ಚರಿ, ಹತ್ತು ತಿಂಗಳದಕ್ಕೆ ಅಚ್ಚರಿಯಿಲ್ಲ. ಆದರೆ 2002ರಲ್ಲಿ ಷೂ ಒಂಬತ್ತು ತಿಂಗಳ ಮಕ್ಕಳಿಗೆ ಪ್ರತಿ ಆಟಿಕೆ ಬಂದಾಗಲೂ ಅದರ ಹೆಸರು ಹೇಳಿದರು. ಎರಡು ಬೇರೆ ಹೆಸರು ಕಿವಿಗೆ ಬಿದ್ದ ಮಕ್ಕಳು, ಹಿಂದೆ ಎರಡು ವಸ್ತು ಇರಬೇಕು ಅಂತ ನಿರೀಕ್ಷಿಸಿದವು. ನಮ್ಮಮ್ಮ ದಿನವಿಡೀ ಕೂಸಿನ ಜೊತೆ "ಇಗಾ ಕಾಗೆ, ಇಗಾ ಬಟ್ಟಲು" ಅಂತ ವಟಗುಟ್ಟುವುದು ಟೈಂಪಾಸ್ ಅಂದುಕೊಂಡಿದ್ದೆ. ಅದು ಕೆಲಸ. ಸಂಬಳ ಇಲ್ಲದ ಕೆಲಸ.

ಗೊತ್ತಿದ್ದೂ ತಪ್ಪುವ ಕೈ

ಈಗ ಅಕ್ಕನ ಪ್ರಶ್ನೆಯ ಹತ್ತಿರ ಬರೋಣ. ಐದು ತಿಂಗಳಿಗೂ ಎಂಟು ತಿಂಗಳಿಗೂ ನಡುವೆ ಏನು ಬದಲಾಗುತ್ತೆ?

ಪಿಯಾಜೆ ಕಂಡ ಇನ್ನೊಂದು ಸೋಜಿಗ ಇಲ್ಲಿ ದಾರಿ ತೋರಿಸುತ್ತೆ. ಎಂಟರಿಂದ ಹನ್ನೆರಡು ತಿಂಗಳ ಕೂಸಿನ ಮುಂದೆ ಎರಡು ಬಟ್ಟೆ ಹಾಸಿ. ಎಡಗಡೆಯ ಬಟ್ಟೆ ಕೆಳಗೆ ಆಟಿಕೆ ಬಚ್ಚಿಡಿ, ಹುಡುಕಿ ತೆಗೆಯುತ್ತೆ. ಇನ್ನೆರಡು ಸಲ ಅಲ್ಲೇ ಇಡಿ, ತೆಗೆಯುತ್ತೆ. ಈಗ ಅದರ ಕಣ್ಣೆದುರೇ ಬಲಗಡೆ ಇಡಿ. ಕೂಸು ಎಡಗಡೆಯೇ ಹುಡುಕುತ್ತೆ! 'ಎ-ನಾಟ್-ಬಿ' ತಪ್ಪು ಅಂತ ಇದಕ್ಕೆ ಹೆಸರು.

ಅಡೆಲ್ ಡೈಮಂಡ್ 1980ರ ದಶಕದಲ್ಲಿ ಇದನ್ನು ಮಿದುಳಿಗೆ ಜೋಡಿಸಿದರು. ಬಚ್ಚಿಟ್ಟ ತಕ್ಷಣ ಬಿಟ್ಟರೆ ಕೂಸು ಸರಿಯಾಗಿಯೇ ಹುಡುಕುತ್ತೆ. ಸ್ವಲ್ಪ ತಡೆದು ಬಿಟ್ಟರೆ ತಪ್ಪುತ್ತೆ. ಏಳೂವರೆ ತಿಂಗಳ ಕೂಸು ಎರಡು ಸೆಕೆಂಡ್ ತಡೆದರೂ ತಪ್ಪಿದರೆ, ಹನ್ನೆರಡು ತಿಂಗಳದು ಹತ್ತು ಸೆಕೆಂಡ್ ತಡೆದರೂ ಸರಿ ಹುಡುಕುತ್ತೆ. ತಿಂಗಳಿಗೆ ಸುಮಾರು ಎರಡು ಸೆಕೆಂಡಿನಷ್ಟು ಹಿಡಿತ ಬೆಳೆಯುತ್ತಾ ಹೋಗುತ್ತೆ. ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್‌ಗೆ ಹಾನಿಯಾದ ಮಂಗಗಳೂ ಇದೇ ಥರ ತಪ್ಪುತ್ತವೆ ಅಂತ ಡೈಮಂಡ್ ಮತ್ತು ಪೆಟ್ರೀಷಿಯಾ ಗೋಲ್ಡ್‌ಮನ್-ರಾಕಿಶ್ 1989ರಲ್ಲಿ ತೋರಿಸಿದರು. ನೆನಪಿಟ್ಟುಕೊಳ್ಳೋದು ಮತ್ತು ರೂಢಿಯಾದ ಕೈಚಲನೆಯನ್ನು ತಡೆಯೋದು, ಎರಡೂ ಆ ಭಾಗದ ಕೆಲಸ. ಡೈಮಂಡ್ ಗಮನಿಸಿದ ಇನ್ನೊಂದು ಸಂಗತಿ ಮರೆಯೋಕಾಗಲ್ಲ: ಕೆಲವು ಕೂಸುಗಳು ಸರಿಯಾದ ಬಟ್ಟೆಯ ಕಡೆಗೇ ನೋಡುತ್ತಾ, ಕೈಯನ್ನು ಮಾತ್ರ ಹಳೇ ಜಾಗಕ್ಕೆ ಹಾಕುತ್ತವೆ.

ಎಲ್ಲರೂ ಇದನ್ನು ಒಪ್ಪಿದ್ದಾರೆ ಅಂತೇನಲ್ಲ. ಲಿಂಡಾ ಸ್ಮಿತ್, ಎಸ್ತರ್ ಥೀಲೆನ್ ತಂಡ ಎಡದಿಂದ ಬಲಕ್ಕೆ ಬದಲಿಸುವ ಹೊತ್ತಿಗೆ, ಕೂತಿದ್ದ ಕೂಸನ್ನು ಎತ್ತಿ ನಿಲ್ಲಿಸಿತು ಅಷ್ಟೇ. ತಪ್ಪು ಕಡಿಮೆಯಾಯಿತು! ಮೈಯ ಭಂಗಿ ಬದಲಾದರೆ ಕೈಯ ರೂಢಿಯೂ ಮುರಿಯುತ್ತೆ. ಹಂಗೇರಿಯ ಯೋಜೆಫ್ ತೋಪಾಲ್ ತಂಡ 2008ರಲ್ಲಿ ಬೇರೆಯೇ ಕೋನದಿಂದ ನೋಡಿತು. ಕೂಸಿನ ಕಣ್ಣಿಗೆ ಕಣ್ಣು ಕೊಟ್ಟು, ಮಾತಾಡಿಸುತ್ತಾ ಬಚ್ಚಿಟ್ಟರೆ ತಪ್ಪು ಹೆಚ್ಚು. ಮಾತಿಲ್ಲದೆ, ಮುಖ ಕೊಡದೆ ಬಚ್ಚಿಟ್ಟರೆ ತಪ್ಪು ಕಡಿಮೆ. ದೊಡ್ಡವರು ಪ್ರೀತಿಯಿಂದ ತೋರಿಸಿದ್ದನ್ನು ಕೂಸು 'ಇದು ಇಡೋ ಜಾಗ ಇದೇ' ಅನ್ನೋ ಪಾಠವಾಗಿ ತಗೊಂಡುಬಿಡುತ್ತೆ ಅನ್ನೋದು ಅವರ ವಾದ.

ಈ ಎಲ್ಲವನ್ನೂ ಒಟ್ಟಿಗೆ ಇಡುವ ಒಂದು ಯೋಚನೆಯನ್ನು ಯೂಕೋ ಮುನಕಾಟ ಮತ್ತು ಸಂಗಡಿಗರು 1997ರಲ್ಲಿ ಮುಂದಿಟ್ಟರು. ನನಗೆ ಅತಿ ಹೆಚ್ಚು ಒಪ್ಪಿಗೆಯಾದದ್ದು ಇದೇ. 'ಗೊತ್ತು' ಅನ್ನೋದು ಸ್ವಿಚ್ ಥರ ಆನ್-ಆಫ್ ಆಗಲ್ಲ, ಒಲೆಯ ಉರಿಯ ಥರ ಸಣ್ಣಗೆ ದೊಡ್ಡಗೆ ಇರುತ್ತೆ. ಐದು ತಿಂಗಳ ಕೂಸಿನೊಳಗೆ ಮರೆಯಾದ ವಸ್ತುವಿನ ಉರಿ ಸಣ್ಣಗೆ ಇದೆ. ದಿಟ್ಟಿಸಿ ನೋಡೋಕೆ ಅಷ್ಟು ಸಾಕು. ಕೈ ಚಾಚಿ ಟವೆಲ್ ಎಳೆಯೋಕೆ, ನಿಮಿಷಗಟ್ಟಲೆ ಬಾಗಿಲು ಕಾಯೋಕೆ ಇನ್ನೂ ಜೋರು ಉರಿ ಬೇಕು. ಅಬಿಗೇಲ್ ಬೇರ್ಡ್ ತಂಡ 2002ರಲ್ಲಿ ಐದರಿಂದ ಹನ್ನೆರಡು ತಿಂಗಳವರೆಗೆ ಅದೇ ಮಕ್ಕಳನ್ನು ಮತ್ತೆ ಮತ್ತೆ ಕರೆಸಿ, ತಲೆಯ ಮೇಲಿಂದ ಬೆಳಕು ಹಾಯಿಸಿ ರಕ್ತದ ಹರಿವನ್ನು ಅಳೆಯಿತು. ಬಚ್ಚಿಟ್ಟದ್ದನ್ನು ಹುಡುಕುವ ಶಕ್ತಿ ಬಂದಾಗ ಹಣೆಯ ಹಿಂದಿನ ಭಾಗದಲ್ಲಿ ಚಟುವಟಿಕೆ ಏರಿದ್ದು ಕಂಡಿತು.

ಅನುಮಾನವೂ ಇರಲಿ

ವಿಜ್ಞಾನದ ಸುದ್ದಿಯನ್ನೂ ನಾವು ರಾಜಕೀಯ ಸುದ್ದಿಯ ಹಾಗೇ ಓದಬೇಕು: ಯಾರು ಹೇಳಿದರು, ಯಾರನ್ನು ಕೇಳಿ ಹೇಳಿದರು ಅಂತ. ಹೆಚ್ಚು ಹೊತ್ತು ನೋಡಿತು ಅಂದ ಮಾತ್ರಕ್ಕೆ ಅಚ್ಚರಿಪಟ್ಟಿತು ಅಂತ ಹೇಳಬಹುದಾ? ಸೂಸನ್ ರಿವೆರಾ ಮತ್ತು ಸಂಗಡಿಗರು 1999ರಲ್ಲಿ ಅದೇ ಹಲಗೆಯ ಪ್ರಯೋಗ ಮಾಡಿ, ಪೆಟ್ಟಿಗೆ ಇಲ್ಲದಿದ್ದಾಗಲೂ ಕೂಸುಗಳು ದೊಡ್ಡ ತಿರುಗುವಿಕೆಯನ್ನೇ ಹೆಚ್ಚು ನೋಡುತ್ತವೆ ಅಂದರು. ಜಾಸ್ತಿ ಹೊತ್ತು ಏನೋ ಚಲಿಸುತ್ತಿದ್ದರೆ ಜಾಸ್ತಿ ನೋಡುತ್ತವೆ, ಅಷ್ಟೇ ಅನ್ನೋದು ಅವರ ತಕರಾರು. ಅದಕ್ಕೇ ಇಇಜಿ, ಕತ್ತಲ ಪ್ರಯೋಗ, ಬಿಸ್ಕತ್ತು ಡಬ್ಬಿ ಇವೆಲ್ಲ ಮುಖ್ಯ. ಬೇರೆ ಬೇರೆ ದಾರಿಯಲ್ಲಿ ಹೋದವರು ಒಂದೇ ಊರಿಗೆ ಬಂದು ಸೇರಿದರೆ ನಂಬಿಕೆ ಗಟ್ಟಿಯಾಗುತ್ತೆ.

ಇನ್ನೊಂದು ತಕರಾರು ನನ್ನದು. ಮೇಲೆ ಹೇಳಿದ ಪ್ರಯೋಗಾಲಯಗಳೆಲ್ಲ ಇರೋದು ಯುರೋಪು-ಅಮೆರಿಕದಲ್ಲಿ. ಮಗುವನ್ನು ಕರೆದುಕೊಂಡು ವಿಶ್ವವಿದ್ಯಾಲಯಕ್ಕೆ ಹೋಗಿ ಒಂದು ಬೆಳಿಗ್ಗೆ ಕಳೆಯುವಷ್ಟು ಬಿಡುವು ಇರುವವರ ಮಕ್ಕಳೇ ಅಲ್ಲಿಗೆ ಹೆಚ್ಚಾಗಿ ಬರೋದು. ಪಾಳಿಯಲ್ಲಿ ದುಡಿಯುವ ತಾಯಂದಿರ ಮಕ್ಕಳು ಇಂಥ ಲೆಕ್ಕದೊಳಗೆ ಸುಲಭಕ್ಕೆ ಸೇರಲ್ಲ.

ಅಳುವಿನ ಗೆರೆ

ಆದರೆ ನನ್ನ ಅಕ್ಕನಿಗೆ ಬೇಕಾಗಿದ್ದ ಉತ್ತರ ಸಿಕ್ಕಿದ್ದು ಪ್ರಯೋಗಾಲಯದ ಹೊರಗೆ ನಡೆದ ಕೆಲಸದಲ್ಲಿ. ಹಾರ್ವರ್ಡ್‌ನ ಜೆರೋಮ್ ಕೇಗನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು: ತಾಯಿ ಬಿಟ್ಟುಹೋದಾಗ ಯಾವ ವಯಸ್ಸಿನ ಎಷ್ಟು ಮಕ್ಕಳು ಅಳುತ್ತಾರೆ? ಅಮೆರಿಕದ ಮಕ್ಕಳ ಜೊತೆಗೆ ಕಲಹರಿಯ ಬೇಟೆಗಾರ ಸಮುದಾಯ, ಗ್ವಾಟೆಮಾಲದ ಹಳ್ಳಿ, ಇಸ್ರೇಲಿನ ಕಿಬ್ಬುತ್ಜ್ ಮಕ್ಕಳ ಮಾಹಿತಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಸಾಕುವ ರೀತಿ ಒಬ್ಬೊಬ್ಬರದು ಒಂದೊಂದು ಥರ. ಕೆಲವು ಕಡೆ ಕೂಸು ಸದಾ ಅಮ್ಮನ ಮೈಗೇ ಅಂಟಿಕೊಂಡಿರುತ್ತೆ, ಕೆಲವು ಕಡೆ ಸಾಮೂಹಿಕ ಶಿಶುಗೃಹದಲ್ಲಿ ಬೆಳೆಯುತ್ತೆ. ಆದರೆ ಅಳುವಿನ ಗೆರೆ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ಆರು ತಿಂಗಳ ತನಕ ಬಹಳ ಕಡಿಮೆ. ಎಂಟು-ಒಂಬತ್ತಕ್ಕೆ ಏರಲು ಶುರು. ಒಂದು ವರ್ಷದ ಆಸುಪಾಸಿನಲ್ಲಿ ತುತ್ತತುದಿ. ಆಮೇಲೆ ಇಳಿಕೆ. ಕೇಗನ್ ತಂಡ ಬಾಸ್ಟನ್‌ನಲ್ಲಿ ಡೇಕೇರ್‌ಗೆ ಹೋಗುವ ಮಕ್ಕಳನ್ನೂ ಮನೆಯಲ್ಲೇ ಇರುವ ಮಕ್ಕಳನ್ನೂ ಹೋಲಿಸಿದಾಗಲೂ ಗೆರೆ ಒಂದೇ ಥರ ಇತ್ತು.

ಅಮ್ಮ ಹೋದಳು ಅನ್ನೋದಕ್ಕಿಂತ, ಹೋದ ಅಮ್ಮನನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಈಗಿನ ಖಾಲಿ ಬಾಗಿಲಿನ ಜೊತೆ ಹೋಲಿಸುವ ಶಕ್ತಿ ಬಂದದ್ದೇ ಈ ಅಳುವಿನ ಬೇರು ಅಂತ ಕೇಗನ್ ವಾದಿಸಿದರು. ನೆನಪು ಬೆಳೆದಿದೆ. ಆದರೆ ಅಮ್ಮ ಯಾವಾಗ ವಾಪಸ್ ಬರುತ್ತಾಳೆ ಅಂತ ಊಹಿಸುವಷ್ಟು ಇನ್ನೂ ಬೆಳೆದಿಲ್ಲ. ಆ ನಡುವಿನ ತಿಂಗಳುಗಳ ಸಂಕಟ ಇದು.

ಇದನ್ನು ಓದಿ ಅಕ್ಕನಿಗೆ ಹೇಳಿದೆ: "ನೀನು ತಪ್ಪು ಮಾಡಿದ್ದಕ್ಕೆ ಅಳ್ತಿಲ್ಲ ಕಣೇ. ನಿನ್ನನ್ನ ನೆನಪಿಟ್ಕೊಳ್ಳೋಷ್ಟು ದೊಡ್ಡದಾಗಿದೆ, ಅದಕ್ಕೆ ಅಳ್ತಿದೆ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇನ್ನೂ ಸಂಕಟ ಆಯ್ತದಲ್ಲೋ" ಅಂದಳು.

26 ವಾರ, ಆಮೇಲೆ?

ಈಗ ಈ ಗೆರೆಯನ್ನು ನಮ್ಮ ಕಾನೂನಿನ ಮೇಲೆ ಇಟ್ಟು ನೋಡಿ. 2017ರ ತಿದ್ದುಪಡಿ ಸಂಬಳ ಸಹಿತ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಅದು ಮೊದಲ ಎರಡು ಮಕ್ಕಳಿಗೆ ಮಾತ್ರ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತಗೊಳ್ಳಬಹುದು. ಹಾಗೆ ತಗೊಂಡರೆ ತಾಯಿ ಕೆಲಸಕ್ಕೆ ಮರಳುವಾಗ ಕೂಸಿಗೆ ಇನ್ನೂ ನಾಲ್ಕು ತಿಂಗಳು ಚಿಲ್ಲರೆ. ಪೂರ್ತಿ ರಜೆಯನ್ನು ಹೆರಿಗೆಯ ನಂತರವೇ ಇಟ್ಟುಕೊಂಡರೂ ಆರು ತಿಂಗಳು. ಎಂದರೆ, ಅಳುವಿನ ಗೆರೆ ಏರೋಕೆ ಶುರುವಾಗುವ ಸ್ವಲ್ಪ ಮುಂಚೆ ರಜೆ ಮುಗಿದಿರುತ್ತೆ. ಹೊಲದಲ್ಲಿ, ಮನೆಗೆಲಸದಲ್ಲಿ, ಕಟ್ಟಡ ಕೆಲಸದಲ್ಲಿ ದುಡಿಯುವ ಬಹುಪಾಲು ಹೆಂಗಸರಿಗೆ ಈ ರಜೆಯೂ ಇಲ್ಲ.

50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಷ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತಲೂ ಅದೇ ತಿದ್ದುಪಡಿ ಹೇಳಿತು. ಕಾಗದದ ಮೇಲೆ ಇದು ಮಿದುಳಿನ ವಿಜ್ಞಾನವನ್ನು ಓದಿಯೇ ಬರೆದ ಹಾಗಿದೆ. ಹೋದ ಅಮ್ಮ ಮತ್ತೆ ಮತ್ತೆ ಬರುತ್ತಾಳೆ ಅನ್ನೋದನ್ನು ಕೂಸು ಕಲಿಯಬೇಕಾದ್ದು ಹೀಗೇ ತಾನೆ? ಅಕ್ಕನ ಫ್ಯಾಕ್ಟರಿಯಲ್ಲೂ ಕ್ರೆಷ್ ಇದೆ. ಕೂಸನ್ನು ಎರಡು ವಾರ ಅಲ್ಲಿ ಬಿಟ್ಟಳು. ಇದ್ದ ಒಬ್ಬ ಆಯಾ ಕೆಲಸ ಬಿಟ್ಟ ಮೇಲೆ ದಿನಕ್ಕೊಬ್ಬರು ಬಂದು ಕೂರುತ್ತಿದ್ದರು. ಪೀಸ್ ಟಾರ್ಗೆಟ್ ಮುಗಿಸದೆ ಮೆಷಿನ್ ಬಿಟ್ಟು ಏಳುವ ಹಾಗಿರಲಿಲ್ಲ. ನಾಲ್ಕು ಸಲದ ಮಾತಿರಲಿ, ಊಟದ ಹೊತ್ತಿನ ಒಂದು ಸಲವೇ ಕಷ್ಟ. ಬೆಳಿಗ್ಗೆ ಕಿಕ್ಕಿರಿದ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಹೋಗೋದು ಬೇರೆ. ಕೊನೆಗೆ ಊರಲ್ಲಿ ಎರಡು ಎಮ್ಮೆ, ಹೊಲ ಬಿಟ್ಟು ನಮ್ಮಮ್ಮ ಬರಬೇಕಾಯಿತು.

ಇನ್ನು ಅಂಗನವಾಡಿ. 1975ರ ಅಕ್ಟೋಬರ್ 2ರಂದು ಶುರುವಾದ ಐಸಿಡಿಎಸ್ ಯೋಜನೆಯಲ್ಲಿ ಮಕ್ಕಳು ಬಂದು ಕೂತು ಕಲಿಯೋದು ಮೂರು ವರ್ಷದಿಂದ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಆಹಾರ ಸಿಗುತ್ತೆ, ದಿನವಿಡೀ ನೋಡಿಕೊಳ್ಳುವ ಜಾಗ ಸಿಗಲ್ಲ. ಆರು ತಿಂಗಳಿಗೆ ರಜೆ ಮುಗಿಯಿತು, ಮೂರು ವರ್ಷಕ್ಕೆ ಅಂಗನವಾಡಿ ಶುರು. ನಡುವಿನ ಎರಡೂವರೆ ವರ್ಷ ಯಾರ ಪಾಲು? ಅಜ್ಜಿಯ ಪಾಲು, ಪಕ್ಕದ ಮನೆಯವರ ಪಾಲು, ಎಷ್ಟೋ ಕಡೆ ಶಾಲೆ ತಪ್ಪಿಸಿಕೊಂಡು ತಮ್ಮನನ್ನು ಸೊಂಟದ ಮೇಲೆ ಹೊತ್ತ ಹತ್ತು ವರ್ಷದ ಅಕ್ಕನ ಪಾಲು. ನಮ್ಮ ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಿಸಿದ್ದು ಈ ಖಾಲಿ ಜಾಗಕ್ಕೇ. ಹೆಸರೂ ಚೆನ್ನಾಗಿದೆ, ಉದ್ದೇಶವೂ ಸರಿಯಿದೆ. ನಾವು ಕೇಳಬೇಕಾದ್ದು ಉದ್ಘಾಟನೆಯ ಲೆಕ್ಕಕ್ಕಿಂತ ಬೇರೆ: ಇಂದು ಕೂಸನ್ನು ಎತ್ತಿಕೊಂಡವಳೇ ನಾಳೆಯೂ ಎತ್ತಿಕೊಳ್ಳುತ್ತಾಳಾ? ಒಬ್ಬಳ ಕೈಗೆ ಎಷ್ಟು ಕೂಸು? ಅವಳಿಗೆ ಸಂಬಳ ಎಷ್ಟು, ತಿಂಗಳು ತಿಂಗಳು ಬರುತ್ತಾ?

ಇದನ್ನೆಲ್ಲ ಹೇಳಿದರೆ "ಅದಕ್ಕೇ ತಾಯಿ ಮನೇಲಿರಬೇಕು ಅನ್ನೋದು" ಅಂತ ಒಬ್ಬರಾದರೂ ಹೇಳುತ್ತಾರೆ. ವಿಜ್ಞಾನ ಹಾಗೆ ಹೇಳಿಲ್ಲ. ಅಮೆರಿಕದ ರಾಷ್ಟ್ರೀಯ ಮಕ್ಕಳ ಆರೋಗ್ಯ ಸಂಸ್ಥೆ 1991ರಿಂದ ಹತ್ತು ಕಡೆಗಳಲ್ಲಿ 1,300ಕ್ಕೂ ಹೆಚ್ಚು ಮಕ್ಕಳನ್ನು ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ, ಬೇರೆಯವರ ಆರೈಕೆಯಲ್ಲಿ ಬೆಳೆದದ್ದರಿಂದಷ್ಟೇ ತಾಯಿ-ಮಗುವಿನ ಬಾಂಧವ್ಯಕ್ಕೆ ಧಕ್ಕೆಯಾಗಲಿಲ್ಲ. ಆರೈಕೆ ಕಳಪೆಯಾಗಿದ್ದು, ಮನೆಯಲ್ಲೂ ಕೂಸಿಗೆ ಸ್ಪಂದನೆ ಕಡಿಮೆಯಿದ್ದಾಗ ತೊಂದರೆ ಕಂಡಿತು. ಮೂರು ಕೊಂಡಿಯಲ್ಲಿ ಜಗತ್ತನ್ನು ನೇತುಹಾಕಿಕೊಂಡಿರುವ ಕೂಸಿಗೆ ಬೇಕಾದ್ದು ಪರಿಚಯದ ಮುಖ, ಮತ್ತೆ ಮತ್ತೆ ಬರುವ ಮುಖ. ಅದು ಅಮ್ಮನದೇ ಆಗಬೇಕಿಲ್ಲ. ಅಪ್ಪನದಾಗಬಹುದು, ನನ್ನಂಥ ಮಾವನದಾಗಬಹುದು, ನ್ಯಾಯವಾದ ಸಂಬಳ ಪಡೆಯುವ ಆಯಾದಾಗಬಹುದು.

ಅಕ್ಕ ಈಗ ಕದ್ದು ಓಡಿಹೋಗೋದನ್ನು ಬಿಟ್ಟಿದ್ದಾಳೆ. ಮೊದಲು ನಾನು ಕೂಸನ್ನು ಕಿಟಕಿ ಹತ್ತಿರ ಕರೆದೊಯ್ದು ಕಾಗೆ ತೋರಿಸುವಾಗ ಅವಳು ಸದ್ದಿಲ್ಲದೆ ಜಾರಿಕೊಳ್ಳುತ್ತಿದ್ದಳು. ಈಗ ಎದುರಿಗೇ ನಿಂತು, "ಹೋಗ್ಬಿಟ್ಟು ಬರ್ತೀನಿ ಮಗಾ" ಅಂತ ಹೇಳಿಯೇ ಹೋಗುತ್ತಾಳೆ. ಕೂಸು ಅಳುತ್ತೆ, ಆದರೆ ಅಳುವಿನ ಹೊತ್ತು ಸ್ವಲ್ಪ ಕಡಿಮೆಯಾಗಿದೆ. ಮಧ್ಯಾಹ್ನ ನಮ್ಮಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು "ಅಜ್ಜಿ ಎಲ್ಲೋದ್ಲು?" ಅಂತ ಆಟವಾಡಿಸುತ್ತಾಳೆ. ಮೊನ್ನೆ ಕೂಸು ಸೆರಗನ್ನು ತಾನೇ ಕಿತ್ತೆಳೆದು ಕೇಕೆ ಹಾಕಿತು. ಸಂಜೆ ಏಳಕ್ಕೆ ಗೇಟಿನ ಸದ್ದಾದರೆ ಈಗ ಮೊದಲು ತಿರುಗುವುದು ಅದೇ.